ಮಳೆಗಾಲದ ಫಾರ್ವರ್ಡ್ ಫೋಟೊಗಳಿಗೆ ಗೂಗಲ್ ಲೆನ್ಸ್: ಕೊಡಗಿನಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ಜುಲೈ, ಆಗಸ್ಟ್ ಬಂದರೆ ಕೊಡಗಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದ ಫೋಟೊಗಳು ಓಡಾಡತೊಡಗುತ್ತವೆ. ಅವುಗಳಲ್ಲಿ ಯಾವುದು ಇವತ್ತಿನದು, ಯಾವುದು ಹಳೆಯದು ಎಂದು ನೋಡಲು ಹೆಚ್ಚಿನವರ ಫೋನಿನಲ್ಲಿ ಆಗಲೇ ಇರುವ ಉಪಕರಣ ಗೂಗಲ್ ಲೆನ್ಸ್: ಫೋಟೊ ಕೊಟ್ಟರೆ ಅದು ಇಂಟರ್ನೆಟ್ಟಿನಲ್ಲಿ ಬೇರೆಲ್ಲಿದೆ ಎಂದು ಹುಡುಕಿಕೊಡುತ್ತದೆ. ದುಡ್ಡು ಕೊಡಬೇಕಿಲ್ಲ. ಆದರೆ ಅದರ ಉತ್ತರವನ್ನು ಓದಲು ಕಲಿಯಬೇಕು.

ಫೋಟೊವನ್ನು ಫೋನಿಗೆ ಸೇವ್ ಮಾಡಿ, ಗೂಗಲ್ ಆ್ಯಪಿನ ಹುಡುಕಾಟದ ಪಟ್ಟಿಯಲ್ಲಿರುವ ಕ್ಯಾಮೆರಾ ಗುರುತನ್ನು ಒತ್ತಿ ಅದನ್ನು ಆರಿಸಿ. ಮೊದಲು ಬರುವುದು 'ಇದೇ ತರಹ ಕಾಣುವ' ಚಿತ್ರಗಳು. ಹೆಚ್ಚಿನವರು ಎಡವುವುದೇ ಇಲ್ಲಿ. ಕೆಂಪು ಮಣ್ಣು, ಹಸಿರು ಗುಡ್ಡ, ಬುಡಮೇಲಾದ ಮರ ಕೊಡಗಿನ ಜೋಡುಪಾಲದಲ್ಲೂ ಒಂದೇ, ಕೇರಳದ ಮುನ್ನಾರಿನಲ್ಲೂ ಒಂದೇ. ಹೋಲಿಕೆಯಿಂದ ಏನೂ ಸಾಬೀತಾಗುವುದಿಲ್ಲ. 'ಎಕ್ಸಾಕ್ಟ್ ಮ್ಯಾಚಸ್' ವಿಭಾಗಕ್ಕೆ ಹೋಗಿ, ಅದೇ ಫೋಟೊ ಬಂದಿರುವ ಪುಟಗಳನ್ನು ತೆರೆದು ತಾರೀಖು ನೋಡಬೇಕು. ಸಿಗದಿದ್ದರೆ ಮೇಲೆ ಅಂಟಿಸಿದ ಬರಹ, ಬಾಣದ ಗುರುತುಗಳನ್ನು ಕತ್ತರಿಸಿ ಮತ್ತೊಮ್ಮೆ ಹುಡುಕಿ. ವಿಡಿಯೊ ಆದರೆ ನಿಲ್ಲಿಸಿ, ಕಟ್ಟಡ ಅಥವಾ ಬೋರ್ಡು ಕಾಣುವ ಮೂರ್ನಾಲ್ಕು ಕಡೆ ಸ್ಕ್ರೀನ್‌ಶಾಟ್ ತೆಗೆದು ಒಂದೊಂದನ್ನೇ ಹಾಕಿ. ಹಳೆಯದನ್ನು ಮೊದಲು ತೋರಿಸುವಂತೆ ಜೋಡಿಸುವ ಅನುಕೂಲ ಟಿನ್‌ಐ ಎಂಬ ಜಾಲತಾಣದಲ್ಲಿದೆ. ತಾರೀಖಿನ ಕೆಲಸಕ್ಕೆ ಅದನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಹೀಗೆ ಸಿಕ್ಕ ಉತ್ತರಕ್ಕೆ ಒಂದೇ ಮುಖ. 'ಇವತ್ತು ಬೆಳಿಗ್ಗೆ' ಎಂದು ಬಂದ ಫೋಟೊ 2019ರ ಪುಟದಲ್ಲಿ ಸಿಕ್ಕರೆ ಆ ಮಾತು ಸುಳ್ಳು, ಅಲ್ಲಿಗೆ ಮುಗಿಯಿತು. ಆದರೆ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ ಅದು ನಿಜವೆಂದಲ್ಲ. ಗ್ರೂಪುಗಳೊಳಗೇ ತಿರುಗಿದ ಫೋಟೊ ಗೂಗಲ್ ಕಣ್ಣಿಗೆ ಬಿದ್ದೇ ಇರುವುದಿಲ್ಲ.

ಲೆನ್ಸ್ ಹೇಳದ್ದನ್ನು ಫೋಟೊದಲ್ಲೇ ಹುಡುಕಬೇಕಾಗುತ್ತದೆ. ಅಂಗಡಿ ಬೋರ್ಡಿನ ಲಿಪಿ ಕನ್ನಡವೋ ಮಲಯಾಳವೋ? ವಾಹನದ ನಂಬರ್? ಇಲ್ಲಿ ಹುಷಾರಾಗಿರಬೇಕು: ಮಡಿಕೇರಿಯದು ಕೆಎ 12, ವಯನಾಡಿನದು ಕೆಎಲ್ 12. ಅರ್ಧ ಕತ್ತರಿಸಿದ ಪ್ಲೇಟಿನಲ್ಲಿ 12 ಕಂಡೊಡನೆ ನಮ್ಮದೇ ಗಾಡಿ ಎಂದುಕೊಂಡರೆ, 2024ರ ಜುಲೈ 30ರಂದು ಭೂಕುಸಿತವಾದ ವಯನಾಡಿನ ಚೂರಲ್‌ಮಲದ ದೃಶ್ಯ ಕೊಡಗಿನದಾಗಿಬಿಡುತ್ತದೆ. ಭಾಗಮಂಡಲದ ತೊಡಕು ಬೇರೆ ಬಗೆಯದು. ತ್ರಿವೇಣಿ ಸಂಗಮದಲ್ಲಿ ಮಳೆಗಾಲಕ್ಕೆ ನೀರು ಏರುವುದು ಹೊಸದೇನಲ್ಲ, ಹಾಗಾಗಿ ಜಾಗ ನಿಜ, ನೀರು ನಿಜ, ವರ್ಷ ಮಾತ್ರ ಸುಳ್ಳು. ಅಲ್ಲಿನ ಮೇಲ್ಸೇತುವೆ ಈಗ ಮುಗಿದಿದೆ, ಅದರ ಕಂಬಗಳು ಇನ್ನೂ ಏಳುತ್ತಿರುವ ಫೋಟೊ ಆದರೆ ಅದು ಹಳೆಯದು.

ಶಾಲೆಗೆ ರಜೆ ಎಂಬ ಆದೇಶದ ಪ್ರತಿಗಳಿಗೆ ಲೆನ್ಸ್ ಹೆಚ್ಚು ಉಪಯೋಗವಿಲ್ಲ. ಹಳೆಯ ಆದೇಶದ ತಾರೀಖು ತಿದ್ದಿದರೆ ಅದಕ್ಕೆ ತಿಳಿಯುವುದಿಲ್ಲ. ಕ್ಯಾಲೆಂಡರ್ ವಾಸಿ. 2024ರ ಜುಲೈ 15 ಸೋಮವಾರ, 2025ರಲ್ಲಿ ಅದೇ ದಿನ ಮಂಗಳವಾರ. ವರ್ಷ ತಿದ್ದಿದವರು ವಾರ ತಿದ್ದಲು ಮರೆತರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಸಹಿಯ ಕೆಳಗಿನ ಹೆಸರು ಈಗಿನ ಜಿಲ್ಲಾಧಿಕಾರಿಯದೇ ಎಂದೂ ನೋಡಿ.

ಧ್ವನಿ ಸಂದೇಶದ ಮುಂದೆ ಲೆನ್ಸ್ ಪೂರ್ತಿ ಕೈಚೆಲ್ಲುತ್ತದೆ. ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಗಾಬರಿಯ ದನಿಯಲ್ಲಿ 'ಡ್ಯಾಮ್ ಬಿಟ್ಟಿದ್ದಾರೆ, ಎಲ್ಲರೂ ಹೊರಡಿ' ಎಂದು ಕೇಳಿದರೆ ನಮ್ಮವರೇ ಯಾರೋ ಹೇಳಿದಂತಿರುತ್ತದೆ. ಅದಕ್ಕೇ ಇದು ಫೋಟೊಗಿಂತ ಅಪಾಯಕಾರಿ. ವಾಟ್ಸ್‌ಆ್ಯಪಿನ ಜೋಡಿ ಬಾಣದ ಗುರುತು ಇದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆ ಎಂದರ್ಥ. ಗುರುತಿಲ್ಲ ಎಂದು ನಂಬುವಂತಿಲ್ಲ, ಯಾರಾದರೂ ಫೈಲನ್ನು ಹೊಸದಾಗಿ ಹಾಕಿದರೆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಊರಿನ ಹೆಸರು, ಹೊತ್ತು, ಹೇಳಿದವರು ಯಾರು ಎಂಬ ಮೂರೂ ಇಲ್ಲದ ಆಡಿಯೊ ಬಂದರೆ ಮುಂದಕ್ಕೆ ಕಳಿಸದೆ ಜಿಲ್ಲಾಡಳಿತದ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. ಕರೆಂಟ್ ಹೋಗಿ ನೆಟ್ ಸತ್ತ ದಿನ ಲೆನ್ಸ್ ತೆರೆದುಕೊಳ್ಳುವುದೇ ಇಲ್ಲ, ಆಗಲೂ ಇದೇ ದಾರಿ. ಆದರೆ ಮನೆ ಹಿಂದಿನ ಬರೆಯಲ್ಲಿ ಬಿರುಕು ಕಂಡಿದ್ದರೆ, ಕೆಸರು ನೀರು ಒಸರುತ್ತಿದ್ದರೆ ಯಾವ ಪರಿಶೀಲನೆಗೂ ಕಾಯಬೇಡಿ, ಹೊರಡಿ.

2016ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು 'ಪೋಸ್ಟ್ ಟ್ರುತ್' ಅನ್ನು ವರ್ಷದ ಪದವಾಗಿ ಆರಿಸಿದರು. ಕನ್ನಡದಲ್ಲಿ ಸತ್ಯೋತ್ತರ ಎನ್ನುತ್ತೇವೆ: ಜನಾಭಿಪ್ರಾಯ ಕಟ್ಟುವಲ್ಲಿ ವಾಸ್ತವಕ್ಕಿಂತ ಭಾವನೆ, ನಂಬಿಕೆಗಳೇ ಮೇಲಾಗುವ ಸ್ಥಿತಿ. ಲೆನ್ಸಿನ ಮಿತಿ ನಿಜಕ್ಕೂ ತಿಳಿಯುವುದು ಇಲ್ಲಿ. ಫೋಟೊ ಹಳೆಯದೆಂದು ತೋರಿಸಿದಾಗ 'ಫೋಟೊ ಹಳೆಯದಿರಬಹುದು, ವಿಷಯ ನಿಜ ತಾನೆ?' ಎಂಬ ಉತ್ತರ ಬರುತ್ತದೆ. ಹಾಗೆ ಹೇಳುವವರನ್ನು ದಡ್ಡರೆನ್ನುವುದು ಅನ್ಯಾಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಭೂಕುಸಿತ ಕಂಡವರ ಭಯ ಸುಳ್ಳಲ್ಲ; ಫೋಟೊ ಆ ಭಯವನ್ನು ಮುಟ್ಟುತ್ತದೆ, ತಾರೀಖು ಮುಟ್ಟುವುದಿಲ್ಲ.

ಆದ್ದರಿಂದ ಫಲಿತಾಂಶವನ್ನು ಗ್ರೂಪಿಗೆ ಹಾಕುವ ರೀತಿಯೂ ಉಪಕರಣದಷ್ಟೇ ಮುಖ್ಯ. ಬರೇ 'ಫೇಕ್' ಎಂದು ಬರೆದರೆ ಜಗಳ. ಈಗಿನ ಸ್ಥಿತಿಯನ್ನು ಮೊದಲು ಬರೆಯಿರಿ: 'ಭಾಗಮಂಡಲ ರಸ್ತೆಯ ಬಗ್ಗೆ ಪಂಚಾಯಿತಿಯಲ್ಲಿ ವಿಚಾರಿಸಿದೆ, ಈಗ ಸಂಚಾರ ಇದೆ. ಮೇಲಿನ ಫೋಟೊ 2019ರದು, ಲಿಂಕ್ ಇಲ್ಲಿದೆ.' ಹಳೆಯ ಫೋಟೊವನ್ನು ಮತ್ತೆ ಹಾಕಲೇಬೇಕಾದರೆ ಅಡ್ಡಗೆರೆ ಎಳೆದು ಹಾಕಿ, ಇಲ್ಲವಾದರೆ ಅದೇ ಮತ್ತೊಂದು ಸುತ್ತು ಹೊರಡುತ್ತದೆ. ಒಕ್ಕದ (ಕೊಡವ ಮನೆತನದ) ಗ್ರೂಪಿನಲ್ಲಿ ಕಳಿಸಿದವರು ಹಿರಿಯರಾಗಿದ್ದರೆ ಮೊದಲು ಅವರಿಗೇ ಫೋನ್ ಮಾಡಿ ತಿಳಿಸಿ, ಅಳಿಸುವ ಅವಕಾಶವನ್ನು ಅವರಿಗೇ ಬಿಡಿ.