ಫೋನಿಗೆ ಚುಚ್ಚುವ ಡಿವಿಬಿ-ಟಿ2 ಡಾಂಗಲ್: ಕೂತಲ್ಲಿ ಭೇಷ್, ಓಡಾಟದಲ್ಲಿ ಪರದಾಟ

ಹೆಬ್ಬೆರಳು ಗಾತ್ರದ ಟೈಪ್-ಸಿ ಡಾಂಗಲ್, ಎಳೆದರೆ ಉದ್ದವಾಗುವ ಪುಟ್ಟ ಆಂಟೆನಾ, ಜೊತೆಗೊಂದು ಆಂಡ್ರಾಯ್ಡ್ ಆಪ್. ಡೇಟಾ ಖರ್ಚಿಲ್ಲದೆ ಫೋನಿನಲ್ಲಿ ಟಿವಿ ನೋಡಲು ಇಷ್ಟು ಸಾಕು. ಫೋನಿಗೆಂದೇ 2004ರಲ್ಲಿ ರೂಪುಗೊಂಡ ಡಿವಿಬಿ-ಎಚ್ ಎಂಬ ಟಿವಿ ಪ್ರಸಾರ ಮಾನದಂಡ ಮೂಲೆ ಸೇರಿತು. ಹಾಗಾಗಿ ಇಂಥ ಡಾಂಗಲ್ ಹಿಡಿಯುವುದು ಮನೆಯ ಟಿವಿಗೆ ನೆಲದ ಪ್ರಸಾರ ಗೋಪುರದಿಂದ ಬರುವ ಡಿವಿಬಿ-ಟಿ2 ಎಂಬ ಡಿಜಿಟಲ್ ಸಿಗ್ನಲನ್ನೇ. ಆ ಪ್ರಸಾರ ಚಾವಣಿಯ ಆಂಟೆನಾವನ್ನು ಲೆಕ್ಕದಲ್ಲಿಟ್ಟುಕೊಂಡದ್ದು. ಡಾಂಗಲ್‌ನ ಮುಕ್ಕಾಲು ತಾಪತ್ರಯಕ್ಕೆ ಅದೇ ಮೂಲ.

ಮೊದಲು ಆಂಟೆನಾ. ಪೂರ್ತಿ ಎಳೆದರೆ ಒಳ್ಳೆಯದು ಎನ್ನುವುದು ತಪ್ಪು ತಿಳಿವಳಿಕೆ. ತರಂಗಾಂತರದ ಕಾಲು ಭಾಗ ಉದ್ದವಿರಬೇಕು: 500 ಮೆಗಾಹರ್ಟ್ಸ್‌ಗೆ 15 ಸೆಂಟಿಮೀಟರ್, 690ಕ್ಕೆ ಸುಮಾರು 11. ಪ್ರಸಾರ ಅಡ್ಡ ಧ್ರುವೀಕರಣದಲ್ಲಿದ್ದರೆ (ಅಂದರೆ ಅಲೆಗಳು ನೆಲಕ್ಕೆ ಸಮಾನಾಂತರವಾಗಿ ಕಂಪಿಸುತ್ತಿದ್ದರೆ) ಆಂಟೆನಾ ಕಡ್ಡಿಯನ್ನೂ ಅಡ್ಡಲಾಗಿ ಮಲಗಿಸಿ. ನೆಟ್ಟಗೆ ನಿಲ್ಲಿಸಿ ಸಿಗ್ನಲ್ ಇಲ್ಲವೆಂದು ಬೈಯುವವರೇ ಹೆಚ್ಚು.

ಎರಡನೇ ಶತ್ರು ಫೋನೇ. ಮೊಬೈಲ್ ಟವರ್ ದೂರವಿದ್ದಾಗ ಫೋನು ತಾನೂ ಜೋರಾಗಿ ಪ್ರಸಾರ ಮಾಡುತ್ತದೆ. 700 ಅಥವಾ 800 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿದ್ದರಂತೂ ಟಿವಿ ಚಾನೆಲ್‌ಗಳ ಪಕ್ಕದಲ್ಲೇ, ಆಂಟೆನಾದಿಂದ ಗೇಣಿನಷ್ಟೂ ದೂರವಿಲ್ಲದೆ. ಡಾಂಗಲ್ಲಿನೊಳಗೆ ಸಿಗ್ನಲ್ ಹಿಡಿಯುವ ಟ್ಯೂನರ್ ಕಿವುಡಾಗುತ್ತದೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಏರೋಪ್ಲೇನ್ ಮೋಡ್ ಹಾಕಿ ನೋಡಿ. ಚಿತ್ರ ಸರಿಹೋದರೆ ಕಳ್ಳ ಸಿಕ್ಕಿಬಿದ್ದ. ಅರ್ಧ ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ಲಿನಿಂದ ಡಾಂಗಲನ್ನು ಫೋನಿನಿಂದ ದೂರವಿಟ್ಟರೂ ಗುಣ ಕಾಣುತ್ತದೆ. ಆಪ್ ತೋರಿಸುವ ಸಿಗ್ನಲ್ ಬಲದ ಪಟ್ಟಿಯನ್ನು ನಂಬಬೇಡಿ, ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ) ನೋಡಿ. 256-ಕ್ವಾಮ್ (ಹೆಚ್ಚು ಡೇಟಾ ತುಂಬುವ ಸಿಗ್ನಲ್ ವಿಧಾನ), 2/3 ಕೋಡ್ ದರದ (ಮೂರರಲ್ಲಿ ಎರಡು ಪಾಲು ಡೇಟಾ, ಉಳಿದದ್ದು ದೋಷ ತಿದ್ದಲು) ಪ್ರಸಾರಕ್ಕೆ 18ರಿಂದ 20 ಡೆಸಿಬೆಲ್ ಬೇಕು; ಒಂದೆರಡು ಡೆಸಿಬೆಲ್ ಕಡಿಮೆಯಾದರೆ ಮಸುಕಾಗುವ ಮಾತಿಲ್ಲ, ನೇರ ಕಪ್ಪು ಪರದೆ.

ಓಡುವ ವಾಹನದಲ್ಲಿ? ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, 600 ಮೆಗಾಹರ್ಟ್ಸ್‌ನಲ್ಲಿ ಡಾಪ್ಲರ್ ಪಲ್ಲಟ (ಚಲನೆಯಿಂದ ಆವರ್ತನ ಜರುಗುವುದು) ಸುಮಾರು 56 ಹರ್ಟ್ಸ್. 8 ಮೆಗಾಹರ್ಟ್ಸ್ ಚಾನೆಲ್ಲನ್ನು ಸಾವಿರಾರು ಸಣ್ಣ ಕ್ಯಾರಿಯರ್ ಅಲೆಗಳಾಗಿ ಹಂಚುವ 32ಕೆ ಮೋಡ್‌ನಲ್ಲಿ ಆ ಅಲೆಗಳ ನಡುವಿನ ಅಂತರವೇ 279 ಹರ್ಟ್ಸ್, ಅಂದರೆ ಐದನೇ ಒಂದು ಭಾಗ ಕಲಸಿಹೋಯಿತು. 8ಕೆ ಮೋಡ್ ಆಗಿದ್ದರೆ ಅಂತರ 1116 ಹರ್ಟ್ಸ್, ತಡೆದುಕೊಳ್ಳುತ್ತಿತ್ತು. ಟಿ2-ಲೈಟ್ ಎಂಬ ಮೊಬೈಲ್ ಉಪವಿಭಾಗ 2011ರಲ್ಲೇ ಮಾನದಂಡ ಸೇರಿದೆ, ಆದರೆ ಪ್ರಸಾರಕರು ಕಳಿಸದೆ ಡಾಂಗಲ್ ಏನು ಮಾಡೀತು? ಎರಡು ಆಂಟೆನಾ, ಎರಡು ಟ್ಯೂನರ್ ಇರುವ ಡೈವರ್ಸಿಟಿ ಮಾದರಿ ಸ್ವಲ್ಪ ತಾಳುತ್ತದೆ. ಒಂಟಿ ಟ್ಯೂನರನ್ನು ವಾಹನಕ್ಕೆಂದು ಕೊಳ್ಳುವುದು ದಂಡ.

ಸ್ಕ್ಯಾನ್‌ನಲ್ಲಿ ಏನೂ ಸಿಗದಿದ್ದರೆ ಸೆಟ್ಟಿಂಗ್‌ನಲ್ಲಿ ಒಟಿಜಿ (ಫೋನಿಗೆ ಬೇರೆ ಸಾಧನ ಜೋಡಿಸುವ ಸೌಲಭ್ಯ) ಆನ್ ಇದೆಯೇ, ಆಪ್‌ನಲ್ಲಿ ಬ್ಯಾಂಡ್‌ವಿಡ್ತ್ 6, 7, 8 ಮೆಗಾಹರ್ಟ್ಸ್‌ಗಳಲ್ಲಿ ಸರಿಯಾದದ್ದಿದೆಯೇ, ಮೋಡ್ ಬರೀ ಹಳೆಯ ಪೀಳಿಗೆಯ ಡಿವಿಬಿ-ಟಿಯಲ್ಲಿ ಸಿಕ್ಕಿಕೊಂಡಿದೆಯೇ ನೋಡಿ. ಚಿತ್ರ ಬಂದು ಧ್ವನಿ ಬಾರದಿದ್ದರೆ ಕೋಡೆಕ್ ಜಗಳ: ಡಾಲ್ಬಿ ಆಡಿಯೊ ಬಿಡಿಸುವ ಡಿಕೋಡರ್ ಎಲ್ಲ ಫೋನಿನಲ್ಲೂ ಇರುವುದಿಲ್ಲ. ಸ್ಕ್ರ್ಯಾಂಬಲ್ ಆದ ಪಾವತಿ ಚಾನೆಲ್‌ಗಳ ಆಸೆ ಬಿಡಿ, ಕಾರ್ಡಿಗೆ ಜಾಗವೇ ಇಲ್ಲ.

ಅತಿ ದುರ್ಬಲ ಭಾಗ ಆಪ್. ಹಾರ್ಡ್‌ವೇರ್ ಗಟ್ಟಿಮುಟ್ಟಾಗಿರುತ್ತದೆ, ಆಪ್ ಮಾತ್ರ ವರ್ಷಗಟ್ಟಲೆ ಅಪ್‌ಡೇಟ್ ಕಾಣುವುದಿಲ್ಲ. ಆಂಡ್ರಾಯ್ಡ್ 6ಕ್ಕಿಂತ ಹಳೆಯ ಆವೃತ್ತಿಗೆಂದು ಕಟ್ಟಿದ ಆಪ್‌ಗಳನ್ನು ಆಂಡ್ರಾಯ್ಡ್ 14 ಇನ್‌ಸ್ಟಾಲ್ ಮಾಡಲೂ ಬಿಡುವುದಿಲ್ಲ. ಡಾಂಗಲ್ ಕೊಳ್ಳುವ ಮೊದಲು ಆಪ್ ಕೊನೆಯ ಬಾರಿ ಯಾವಾಗ ಪರಿಷ್ಕಾರವಾಯಿತೆಂದು ನೋಡಿ.

ರೆಕಾರ್ಡಿಂಗ್ ಮಾತ್ರ ಮೆಚ್ಚಬೇಕಾದದ್ದು. ಬಂದ ಸ್ಟ್ರೀಮನ್ನೇ ಹಾಗೇ ಉಳಿಸುವುದರಿಂದ ಪ್ರೊಸೆಸರ್‌ಗೆ ಭಾರವಿಲ್ಲ, ಗುಣಮಟ್ಟವೂ ಕೆಡದು. ಸೆಕೆಂಡಿಗೆ 6 ಮೆಗಾಬಿಟ್‌ನ ಎಚ್‌ಡಿ ಚಾನೆಲ್ ಗಂಟೆಗೆ 2.7 ಜಿಬಿ ತಿನ್ನುತ್ತದೆ. ಮೆಮೊರಿ ಕಾರ್ಡ್ ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯದಾಗಿದ್ದರೆ ಒಂದು ಫೈಲಿಗೆ 4 ಜಿಬಿ ಎಂಬ ಮಿತಿ ಅಡ್ಡಬಂದು ಒಂದೂವರೆ ಗಂಟೆಯ ಹೊತ್ತಿಗೆ ಫೈಲ್ ತುಂಡಾಗುತ್ತದೆ ಅಥವಾ ನಿಂತೇಹೋಗುತ್ತದೆ.

ಒಂದೇ ಕಡೆ ಕೂತು ನೋಡುವವರು ಧಾರಾಳವಾಗಿ ಕೊಳ್ಳಿ, ಆದರೆ ಎಂಸಿಎಕ್ಸ್ ಸಾಕೆಟ್ (ಆಂಟೆನಾ ಸಿಕ್ಕಿಸುವ ಪುಟ್ಟ ಕಿಂಡಿ) ಇರುವ ಮಾದರಿಯನ್ನೇ ಆರಿಸಿ. ಕಡ್ಡಿ ಬಿಚ್ಚಿ, ಅಡಾಪ್ಟರ್ ಹಾಕಿ ಚಾವಣಿಯ ಕೇಬಲನ್ನೇ ಸಿಕ್ಕಿಸಬಹುದು.