ಬೇಸ್‌ಬಾಲ್ ರೆಫರೆನ್ಸ್: ಮೇಲೇರದ ಆಟಗಾರರ ಸಾಲುಗಳನ್ನೂ ಕಾಪಾಡಿಟ್ಟ ಜಾಲತಾಣ

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ನಡೆಯುತ್ತಿದ್ದ ಲೆದರ್ ಬಾಲ್ ಪಂದ್ಯಗಳಿಗೆ ಸುಮಾರು ಮೂವತ್ತು ವರ್ಷ ಸ್ಕೋರರ್ ಆಗಿ ಕುಳಿತವನು ನಾನು. ಹಾಗಾಗಿ ಆಟದ ಅಂಕಿ-ಅಂಶಗಳನ್ನು ಕೊಡುವ ಯಾವ ಪುಸ್ತಕವನ್ನು ಬಿಡಿಸಿದರೂ, ಯಾವ ಜಾಲತಾಣವನ್ನು ತೆರೆದರೂ, ದೊಡ್ಡವರ ಶತಕಗಳನ್ನು ಆಮೇಲೆ ನೋಡುತ್ತೇನೆ. ನಾಲ್ಕು ಪಂದ್ಯ ಆಡಿ ಮನೆಗೆ ಹೋದ ಹುಡುಗನ ಸಾಲು ಅದರಲ್ಲಿ ಉಳಿದಿದೆಯೇ ಎಂದು ಮೊದಲು ಹುಡುಕುತ್ತೇನೆ. ಈ ಪರೀಕ್ಷೆಯಲ್ಲಿ ನಾನು ಕಂಡವುಗಳಲ್ಲೆಲ್ಲ ಚೆನ್ನಾಗಿ ತೇರ್ಗಡೆಯಾದದ್ದು ಅಮೆರಿಕದ ಬೇಸ್‌ಬಾಲ್ ರೆಫರೆನ್ಸ್ ಎಂಬ ಜಾಲತಾಣ. ಶಾನ್ ಫೋರ್ಮನ್ ಎಂಬವರು 2000ದಲ್ಲಿ ಆರಂಭಿಸಿದ ಇದನ್ನು ನಾನು ಹತ್ತು ವರ್ಷಕ್ಕೂ ಮೇಲ್ಪಟ್ಟು ಬಳಸುತ್ತಿದ್ದೇನೆ.

ನನಗೆ ಬೇಸ್‌ಬಾಲ್ ಹಿಡಿಸಿದ್ದು 2013ರ ಬೇಸಿಗೆಯಲ್ಲಿ, ಹ್ಯೂಸ್ಟನ್‌ನಲ್ಲಿರುವ ತಂಗಿಯ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ. ಆ ವರ್ಷ ಅಲ್ಲಿನ ಆಸ್ಟ್ರೋಸ್ ತಂಡ 162 ಪಂದ್ಯಗಳಲ್ಲಿ 111 ಸೋತಿತು. ಸೋಲುವ ತಂಡಕ್ಕೆ ಇರುವ ಒಂದೇ ಸಮಾಧಾನವೆಂದರೆ, ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್‌ನಲ್ಲಿ ಅದಕ್ಕೆ ಬೇಗ ಸರದಿ ಸಿಗುವುದು. ಹಿಂದಿನ ವರ್ಷವೂ ಸೋತಿದ್ದರಿಂದ ಆ ಜೂನ್‌ನಲ್ಲಿ ಮೊದಲ ಆಯ್ಕೆ ಹ್ಯೂಸ್ಟನ್‌ನದಾಗಿತ್ತು. ಅವರು ಆರಿಸಿದ್ದು ಮಾರ್ಕ್ ಅಪೆಲ್ ಎಂಬ ಬಲಗೈ ಪಿಚರನ್ನು, ಅಂದರೆ ಚೆಂಡೆಸೆಯುವವನನ್ನು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದವನು, ಹುಟ್ಟಿದ್ದು ಹ್ಯೂಸ್ಟನ್‌ನಲ್ಲೇ. 2012ರಲ್ಲಿ ಪಿಟ್ಸ್‌ಬರ್ಗ್ ತಂಡ ಎಂಟನೆಯವನಾಗಿ ಆರಿಸಿದಾಗ ಒಪ್ಪದೆ, ಇನ್ನೊಂದು ವರ್ಷ ಕಾಲೇಜಿಗೇ ಹಿಂತಿರುಗಿದ್ದವನು. ಈ ಸಲ ಸಹಿ ಹಾಕಿದ್ದಕ್ಕೆ 63.5 ಲಕ್ಷ ಡಾಲರ್ ಬೋನಸ್ ಸಿಕ್ಕಿತು. ಟಿ.ವಿ.ಯ ಮುಂದೆ ಕುಳಿತಿದ್ದ ನನ್ನ ಅಳಿಯ ಎದ್ದು ನಿಂತು, "ನೋಡ್ರಿ ಮಾವ, ನಮ್ಮೂರ ಹುಡುಗ ನಮ್ಮೂರಿಗೇ ಬಂದ" ಎಂದ. ಆ ರಾತ್ರಿಯೇ ಅವನು ನನಗೆ ಈ ಜಾಲತಾಣವನ್ನು ತೋರಿಸಿಕೊಟ್ಟ.

ಕ್ರಿಕೆಟ್ ಸ್ಕೋರ್ ಬುಕ್ ಓದಬಲ್ಲವರಿಗೆ ಇದರ ಪುಟಗಳು ಒಂದು ವಾರದಲ್ಲಿ ವಶವಾಗುತ್ತವೆ. ಒಬ್ಬ ಆಟಗಾರನಿಗೆ ಒಂದು ಪುಟ, ಒಂದು ವರ್ಷಕ್ಕೆ ಒಂದು ಸಾಲು; ವರ್ಷದ ನಡುವೆ ತಂಡ ಬದಲಾದರೆ ಅದಕ್ಕೆ ಬೇರೆ ಸಾಲು. ದಪ್ಪಕ್ಷರದ ಅಂಕಿಯೆಂದರೆ ಆ ವರ್ಷ ಆ ವಿಷಯದಲ್ಲಿ ಅವನೇ ಲೀಗಿಗೆ ಮೊದಲಿಗ. ಪಿಚರ್‌ಗಳ ಪುಟದಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಇ.ಆರ್.ಎ. ಎಂಬ ಕಲಮು. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ನುಗಳನ್ನು ಕಳೆದು, ಒಂಬತ್ತು ಇನಿಂಗ್ಸಿಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಪಿಚರ್ ಸರಾಸರಿ ಎಷ್ಟು ರನ್ ಕೊಟ್ಟ ಎಂಬ ಲೆಕ್ಕ ಅದು. ನಾಲ್ಕರೊಳಗಿದ್ದರೆ ಒಳ್ಳೆಯದು, ಒಂಬತ್ತು ದಾಟಿದರೆ ಏನೋ ಕೆಟ್ಟಿದೆ ಎಂದು ತಿಳಿಯಬೇಕು. ನಮ್ಮವರು ಎಡವುವ ಜಾಗ ಒಂದಿದೆ. ಬೌಲರ್‌ನ ಲೆಕ್ಕದಲ್ಲಿ 10.1 ಎಂದರೆ ಹತ್ತು ಓವರ್ ಮತ್ತು ಒಂದು ಎಸೆತ, ಅಂದರೆ ಓವರಿನ ಆರನೆಯ ಒಂದು ಪಾಲು. ಪಿಚರ್‌ನ ಲೆಕ್ಕದಲ್ಲಿ 10.1 ಎಂದರೆ ಹತ್ತು ಇನಿಂಗ್ಸ್ ಮತ್ತು ಒಂದು ಔಟ್, ಅಂದರೆ ಇನಿಂಗ್ಸಿನ ಮೂರನೆಯ ಒಂದು ಪಾಲು. ಎರಡು ದೂರದ ಆಟಗಳ ಸ್ಕೋರರ್‌ಗಳು ಚುಕ್ಕಿಯ ಮುಂದೆ ಬರೆಯುವ ಈ ಪದ್ಧತಿಯನ್ನು ಹಂಚಿಕೊಂಡಿರುವುದನ್ನು ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಊರಿಗೆ ಮರಳಿದ ಮೇಲೆ ನನ್ನ ಜೊತೆಗೆ ಇನ್ನಿಬ್ಬರು ಸೇರಿಕೊಂಡರು. ಒಬ್ಬರು ಅಂಪೈರ್ ಆಗಿದ್ದ ಹಳೆಯ ಗೆಳೆಯರು, ಇನ್ನೊಬ್ಬರು ಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸುವ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರು. ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ ತಿಂದು, ಖಾಲಿ ದೋಸೆಗೆ ಮತ್ತೊಮ್ಮೆ ಹೇಳಿ, ಅದು ಬರುವಷ್ಟರಲ್ಲಿ ಮೊಬೈಲಿನಲ್ಲಿ ಅಪೆಲ್‌ನ ಪುಟವನ್ನು ತೆರೆಯುವುದು ನಮಗೆ ರೂಢಿಯಾಯಿತು. ಮೊದಮೊದಲು ಅವನು ಕೆಳಹಂತದ ತಂಡಗಳಿಂದ ಯಾವಾಗ ಮೇಜರ್ ಲೀಗಿಗೆ, ಅಂದರೆ ಅತಿ ಮೇಲಿನ ಹಂತಕ್ಕೆ, ಏರುತ್ತಾನೆಂದು ನೋಡಲು ತೆರೆಯುತ್ತಿದ್ದೆವು. ಆಮೇಲೆ ಏಕೆ ಏರುತ್ತಿಲ್ಲವೆಂದು ನೋಡಲು.

2014ರ ಎರಡು ಸಾಲುಗಳ ಬಗ್ಗೆ ನಾವು ಆಡಿದಷ್ಟು ಮಾತು ಬೇರೆ ಯಾವುದರ ಬಗ್ಗೆಯೂ ಆಡಿಲ್ಲ. ಮೊದಲ ಸಾಲು ಹ್ಯೂಸ್ಟನ್‌ನದೇ ಕೆಳಹಂತದ ಲ್ಯಾಂಕಾಸ್ಟರ್ ತಂಡದ್ದು: 44.1 ಇನಿಂಗ್ಸ್, ಇ.ಆರ್.ಎ. 9.74. ದೇಶಕ್ಕೇ ಮೊದಲಿಗನಾಗಿ ಆಯ್ಕೆಯಾದ ಪಿಚರನ ಅಂಕಿ ಇದೆಂದು ನಂಬುವುದು ಕಷ್ಟ. ಅದರ ಕೆಳಗಿನ ಸಾಲು, ಅದೇ ವರ್ಷ, ಒಂದು ಮೆಟ್ಟಿಲು ಮೇಲಿನ ಕಾರ್ಪಸ್ ಕ್ರಿಸ್ಟಿ ತಂಡದ್ದು: 39 ಇನಿಂಗ್ಸ್, 3.69. "ಕೈ ಅದೇ, ಚೆಂಡು ಅದೇ. ಎದುರಾಳಿಗಳು ಇನ್ನೂ ಗಟ್ಟಿಯಾದ ಮೇಲೆ ಹುಡುಗ ಸುಧಾರಿಸಿದ್ದು ಹೇಗ್ರಿ?" ಎಂದು ಅಂಪೈರ್ ಗೆಳೆಯರು ಕೇಳಿದರು. ಉತ್ತರದ ಒಂದು ಭಾಗ ಭೂಗೋಳದಲ್ಲಿದೆ. ಲ್ಯಾಂಕಾಸ್ಟರ್ ಇರುವುದು ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯ ಎತ್ತರದ ಬಯಲಿನಲ್ಲಿ. ಒಣಗಾಳಿಗೆ ಚೆಂಡು ಎಲ್ಲಿಗೋ ಹಾರಿಹೋಗುವ ಆ ಮೈದಾನ ಬ್ಯಾಟರ್‌ಗಳ ಸ್ವರ್ಗವೆಂದೇ ಹೆಸರಾಗಿತ್ತು. ಉಳಿದ ಭಾಗ ಅವನ ದೇಹದಲ್ಲಿದೆ. ಆ ಜನವರಿಯಲ್ಲಿ ಅವನಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಿತ್ತು. ಗಾಳಿಯನ್ನೂ ಹೊಟ್ಟೆಯ ಹೊಲಿಗೆಯನ್ನೂ ಅಂಕಿಯ ಸಾಲು ಹೇಳುವುದಿಲ್ಲ, ಆದರೆ ಎರಡು ಸಾಲುಗಳನ್ನು ಬೆರೆಸಿ ಒಂದೇ ಸರಾಸರಿ ಮಾಡದೆ ಬೇರೆಬೇರೆಯಾಗಿ ಇಟ್ಟಿರುವುದರಿಂದಲೇ ನಮಗೆ ಆ ಪ್ರಶ್ನೆ ಹುಟ್ಟಿತು. ಈ ಜಾಲತಾಣದ ಬಹುದೊಡ್ಡ ಗುಣ ಇದು ಎಂದು ನಾನು ತಿಳಿದಿದ್ದೇನೆ.

2015ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ ಅವನನ್ನು ಇತರರೊಂದಿಗೆ ಫಿಲಡೆಲ್ಫಿಯಾಕ್ಕೆ ಕೊಟ್ಟು, ಕೆನ್ ಗೈಲ್ಸ್ ಎಂಬ ಪಿಚರನ್ನು ಪಡೆಯಿತು. 2016ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2017ರಲ್ಲಿ 5.27. 2018ರ ಆರಂಭದಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವನು ಆಟದಿಂದ ದೂರ ಸರಿದ.

ಅಂದು ಅಳಿಯ ಫೋನಿನಲ್ಲಿ ಬಹಳ ನೊಂದುಕೊಂಡು ಮಾತಾಡಿದ. ಅವನ ಕಣ್ಣ ಮುಂದಿದ್ದದ್ದು ಇದೇ ತಾಣದ ಬೇರೊಂದು ಪುಟ, 2013ರ ಡ್ರಾಫ್ಟ್ ಪಟ್ಟಿ. ಅಪೆಲ್‌ನ ಕೆಳಗೇ, ಎರಡನೆಯ ಸಾಲಿನಲ್ಲಿ, ಶಿಕಾಗೊ ಕಬ್ಸ್ ಆರಿಸಿದ ಕ್ರಿಸ್ ಬ್ರಯಂಟ್ ಇದ್ದಾನೆ. ಅವನು 2015ರಲ್ಲಿ ನ್ಯಾಷನಲ್ ಲೀಗಿನ ಶ್ರೇಷ್ಠ ಹೊಸ ಆಟಗಾರನಾದ, 2016ರಲ್ಲಿ ಅತ್ಯಮೂಲ್ಯ ಆಟಗಾರನಾದ, ಅದೇ ವರ್ಷ ಕಬ್ಸ್ 1908ರ ನಂತರ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು. ಪಟ್ಟಿಯಲ್ಲಿ 32ನೆಯ ಹೆಸರು ಆ್ಯರನ್ ಜಡ್ಜ್‌ನದು. 2022ರಲ್ಲಿ ಅವನು 62 ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಹೊಡೆದ. ಅಭಿಮಾನಿಯಾದವನು ಈ ಪಟ್ಟಿಯನ್ನು ಓದಿದರೆ ಮನಸ್ಸು ಕಹಿಯಾಗದೆ ಇರದು. ನನಗೆ ಮಾತ್ರ ಡ್ರಾಫ್ಟ್ ಪುಟವನ್ನು ಹಾಗೆ ಓದುವುದು ಹುಡುಗನಿಗೆ ಮಾಡುವ ಅನ್ಯಾಯವೆನಿಸುತ್ತದೆ. ತನ್ನನ್ನು ಮೊದಲ ಸ್ಥಾನದಲ್ಲಿ ಬರೆಯಿರಿ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಬರೆದವರು ದೊಡ್ಡವರು, ಹಿಗ್ಗಿದವರು ನಾವು. ಅಳಿಯನಿಗೂ ಇದನ್ನೇ ಹೇಳಿದೆ. "ನಿಮ್ಮ ಮಾತು ಸರಿ ಮಾವ, ಆದ್ರೂ ಬ್ರಯಂಟ್ ನಮಗೆ ಸಿಗ್ತಿದ್ದ" ಎಂದ. ಅದು ಅಭಿಮಾನಿಯ ನೋವು; ಅದರ ಜೊತೆ ವಾದಕ್ಕಿಳಿಯುವ ಹಕ್ಕು ನನಗಿಲ್ಲ.

ಮೇಲೇರದವರ ವಂಶ ಹಳೆಯದು. 1966ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮೊದಲಿಗನಾಗಿ ಆರಿಸಿದ್ದು ಸ್ಟೀವ್ ಚಿಲ್‌ಕಾಟ್ ಎಂಬ ಕ್ಯಾಚರನ್ನು. ಅವನ ಹಿಂದೆಯೇ ಎರಡನೆಯವನಾಗಿ ಹೋದ ರೆಜಿ ಜಾಕ್ಸನ್ 563 ಹೋಮ್ ರನ್ ಹೊಡೆದ, ಚಿಲ್‌ಕಾಟ್ ಭುಜ ನೋಯಿಸಿಕೊಂಡು ಮೇಜರ್ ಲೀಗ್ ಕಾಣದೆ ಮುಗಿಸಿದ. 1991ರಲ್ಲಿ ಯಾಂಕೀಸ್ ತಂಡ 15.5 ಲಕ್ಷ ಡಾಲರ್ ಕೊಟ್ಟು ತಂದ ಎಡಗೈ ಪಿಚರ್ ಬ್ರಯೆನ್ ಟೇಲರ್‌ನ ಪುಟವನ್ನು ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. 1992ರ ಸಾಲಿನಲ್ಲಿ 161.1 ಇನಿಂಗ್ಸ್, 187 ಸ್ಟ್ರೈಕ್‌ಔಟ್ (ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡಿದ್ದು), ಇ.ಆರ್.ಎ. 2.57. ಮರುವರ್ಷವೂ 13 ಗೆಲುವು. 1993ರ ಡಿಸೆಂಬರ್‌ನಲ್ಲಿ ಸಹೋದರನ ಪರವಾಗಿ ಜಗಳವೊಂದಕ್ಕೆ ಹೋಗಿ ಎಡ ಭುಜವನ್ನು ಕಿತ್ತುಕೊಂಡ. 1994ರಲ್ಲಿ ಆಟವಿಲ್ಲ. 1996ರ ಸಾಲಿನಲ್ಲಿ 16.1 ಇನಿಂಗ್ಸ್, 43 ವಾಕ್ (ಗುರಿತಪ್ಪಿದ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಬೇಸ್ ಕೊಟ್ಟದ್ದು), ಇ.ಆರ್.ಎ. 18.73. ಕಥೆ ಕಾದಂಬರಿಗಳಲ್ಲಿ ಪುಟಗಟ್ಟಲೆ ಬರೆದರೂ ಬಾರದ ನಿಶ್ಶಬ್ದ ಆ ಎರಡು ಸಾಲುಗಳ ನಡುವೆ ಇದೆ.

ಇಲ್ಲಿ ಈ ಜಾಲತಾಣದ ಮನೆಯ ರಚನೆಯನ್ನು ಹೇಳಬೇಕು. ಮೇಜರ್ ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡಿದವನಿಗೂ ಮುಖ್ಯ ವಿಭಾಗದಲ್ಲಿ ಪುಟವಿರುತ್ತದೆ. ಆಡದವರು ರಿಜಿಸ್ಟರ್ ಎಂಬ ವಿಭಾಗದಲ್ಲಿ ಇರುತ್ತಾರೆ; ಟೇಲರ್, ಚಿಲ್‌ಕಾಟ್ ಇಬ್ಬರೂ ಅಲ್ಲಿಯವರು. ವಿಭಾಗ ಬೇರೆಯಾದರೂ ಸಾಲು ಬರೆದ ಶ್ರದ್ಧೆಯಲ್ಲಿ ಭೇದವಿಲ್ಲ: ಯಾವ ವಯಸ್ಸು, ಯಾವ ಊರ ತಂಡ, ಎಷ್ಟು ಇನಿಂಗ್ಸ್ ಎಂಬುದೆಲ್ಲ ಅಲ್ಲೂ ಹಾಗೆಯೇ ಇದೆ. ಅಪೆಲ್ ಒಂಬತ್ತು ವರ್ಷ ರಿಜಿಸ್ಟರಿನಲ್ಲಿದ್ದ. 2018, 2019, 2020 ಈ ಮೂರು ವರ್ಷ ಅವನ ಹೆಸರಿನಲ್ಲಿ ಒಂದು ಎಸೆತವೂ ಇಲ್ಲ. (2020ರಲ್ಲಿ ಕೋವಿಡ್‌ನಿಂದ ಕೆಳಹಂತದ ಮೈನರ್ ಲೀಗುಗಳೇ ನಡೆಯಲಿಲ್ಲ.) 2021ರಲ್ಲಿ ಅವನು ಮರಳಿ ಬಂದ. 2022ರಲ್ಲಿ ಫಿಲಡೆಲ್ಫಿಯಾದ ಕೆಳಹಂತದ ಲೀಹೈ ವ್ಯಾಲಿ ತಂಡದಲ್ಲಿ 28 ಇನಿಂಗ್ಸಿಗೆ 1.61. ಆ ವರ್ಷದ ಜೂನ್ 29ರಂದು, ಮೂವತ್ತು ವರ್ಷ ದಾಟಿದ ಮೇಲೆ, ಫಿಲಡೆಲ್ಫಿಯಾ ಪರವಾಗಿ ಅಟ್ಲಾಂಟಾ ವಿರುದ್ಧ ಒಂದು ಇನಿಂಗ್ಸ್ ಎಸೆದ, ರನ್ ಕೊಡಲಿಲ್ಲ.

ಈ ತಾಣದ ಅಂಕಿಗಳು ಪಂದ್ಯ ಮುಗಿದ ಗಳಿಗೆಯಲ್ಲಿ ಬದಲಾಗುವುದಿಲ್ಲ, ಅಮೆರಿಕದ ಮರುದಿನ ಬೆಳಗ್ಗೆ ಬದಲಾಗುತ್ತವೆ. ಹಾಗಾಗಿ ನಾವು ಮೂವರೂ ಜೂನ್ 30ರ ಸಂಜೆ ಸೇರಿ, ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕಿಟ್ಟು, ಅವನ ಹೆಸರನ್ನು ಹುಡುಕಿದೆವು. ಮೇಜರ್ ಲೀಗಿನ ಸಾಲು ಬಂದಿತ್ತು. ಶಿಕ್ಷಕರು ಫೋಟೋ ತೆಗೆದು ಹ್ಯೂಸ್ಟನ್ನಿಗೆ ಕಳುಹಿಸಿದರು. ಅಳಿಯ ಬರೆದದ್ದು ಒಂದೇ ಪದ: "ಬಂದ." ಆ ವರ್ಷ ಅಪೆಲ್ ಒಟ್ಟು ಆರು ಪಂದ್ಯಗಳಲ್ಲಿ 10.1 ಇನಿಂಗ್ಸ್ ಎಸೆದ, ಇ.ಆರ್.ಎ. 1.74. ಅವನ ಮೇಜರ್ ಲೀಗ್ ಬದುಕು ಅಷ್ಟೇ. ಅಂದುಕೊಂಡ ಎತ್ತರಕ್ಕೆ ಅವನು ಏರಲಿಲ್ಲ ಎಂಬುದು ನಿಜ, ಆದರೆ ಆ 10.1 ಎಂಬ ಅಂಕಿಯನ್ನು ನಾನು ಗೌರವದಿಂದ ನೋಡುತ್ತೇನೆ.

ಬಳಸಬೇಕೆನ್ನುವವರಿಗೆ ಕೆಲವು ಮಾತು. ಮೂಲ ಪುಟಗಳೆಲ್ಲ ಉಚಿತ, ಜಾಹೀರಾತುಗಳು ಇರುತ್ತವೆ. ಆಳವಾದ ಹುಡುಕಾಟಕ್ಕೆ ಸ್ಟ್ಯಾಟ್‌ಹೆಡ್ ಎಂಬ ಹಣ ಕೊಡುವ ಸೇವೆ ಬೇರೆ ಇದೆ, ನಮ್ಮಂಥವರಿಗೆ ಅದು ಬೇಕಾಗುವುದಿಲ್ಲ. ಎಲ್ಲವೂ ಇಂಗ್ಲಿಷ್ ಸಂಕ್ಷೇಪಾಕ್ಷರಗಳಲ್ಲಿದೆ, ಮೊದಲ ಕೆಲವು ದಿನ ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು. ಕಪ್ಪು ಜನರನ್ನು ಹೊರಗಿಟ್ಟಿದ್ದ ಕಾಲದಲ್ಲಿ ಅವರೇ ಕಟ್ಟಿಕೊಂಡಿದ್ದ ನೀಗ್ರೋ ಲೀಗುಗಳ 1920ರಿಂದ 1948ರವರೆಗಿನ ಅಂಕಿಗಳನ್ನು 2021ರಲ್ಲಿ ಮೇಜರ್ ಲೀಗಿನ ಅಂಕಿಗಳ ಸಾಲಿಗೇ ಸೇರಿಸಿದರು. ದಾಖಲೆ ಪುಸ್ತಕ ತನ್ನ ಹಳೆಯ ತಪ್ಪನ್ನು ತಾನೇ ತಿದ್ದಿಕೊಂಡ ಈ ಕೆಲಸಕ್ಕೆ ಎಷ್ಟು ಮೆಚ್ಚುಗೆ ಹೇಳಿದರೂ ಕಡಿಮೆ. ಐದಕ್ಕೆ ನಾನು ಐದನ್ನೂ ಕೊಡುತ್ತೇನೆ.

ಇದೇ ಊರಿನಲ್ಲಿ ಹುಟ್ಟಿ, ಕರ್ನಾಟಕಕ್ಕೆ 2013–14 ಮತ್ತು 2014–15ರಲ್ಲಿ ಸತತ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ವಿನಯ್ ಕುಮಾರ್ ಅವರ ಅಂಕಿಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಅವರಿಗಿಂತ ಹಿಂದೆ, ತೊಂಬತ್ತರ ದಶಕದಲ್ಲಿ, ರಾಜ್ಯಕ್ಕೆ ಆಡಿಯೇ ಆಡುತ್ತಾನೆ ಎಂದು ನಾವೆಲ್ಲ ನಂಬಿದ್ದ ಎಡಗೈ ಬೌಲರ್ ಒಬ್ಬನಿದ್ದ. ಭುಜ ಕೈಕೊಟ್ಟಿತು. ಈಗ ಹರಿಹರದ ಕಡೆ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಆ ಕಾಲದ ಸ್ಕೋರ್ ಬುಕ್ಕುಗಳಲ್ಲಿ ಹೆಚ್ಚಿನವನ್ನು ಗೆದ್ದಲು ತಿಂದಿತು. ನನ್ನ ಟ್ರಂಕಿನಲ್ಲಿ ಆರು ಉಳಿದಿವೆ. ಅಪೆಲ್‌ನ ಪುಟವನ್ನು ಅವನಿಗೆ ತೋರಿಸಿ ಈ ಕಥೆಯನ್ನೆಲ್ಲ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಬುಕ್ಕಿನಾಗೆ ನಂದು ಐತೇನ್ರಿ ಸಾರ್?" ಎಂದು ಕೇಳಿದ. ಮರುದಿನವೇ ಹುಡುಕಿ ಒಯ್ದೆ. ಹದಿನೇಳು ಓವರ್, ಆರು ಮೇಡನ್, ಮೂವತ್ತೊಂದು ರನ್, ಏಳು ವಿಕೆಟ್. ಗ್ರೀಸ್ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಕಾಗದವನ್ನು ಮುಟ್ಟದೆ, ಬೆರಳನ್ನು ಸಾಲಿನ ಮೇಲೆ ಗಾಳಿಯಲ್ಲೇ ಸರಿಸುತ್ತಾ ಓದಿದ. "ಎಂಟಾಗ್ತಿತ್ತು ಸಾರ್, ಗಲ್ಲಿಯಾಗೆ ಒಂದು ಕ್ಯಾಚ್ ಬಿಟ್ರು" ಎಂದ. ಅದು ಬುಕ್ಕಿನಲ್ಲಿ ಇರಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು, ಅವನ ಸಾಲಿನ ಪಕ್ಕದ ಅಂಚಿನಲ್ಲಿ, ಗಲ್ಲಿಯಲ್ಲಿ ಒಂದು ಕ್ಯಾಚ್ ಕೈಬಿಟ್ಟಿತು ಎಂದು ಬರೆದೆ.