ಹಳೆ ಬೀಟಲ್‌ನಲ್ಲಿ 1 ಕೆಜಿ ಪೌಡರ್ ಸಿಲಿಂಡರ್: ನಿಜವಾಗಿ ಬಳಸಿದ ಮೇಲೆ ಬರೆದದ್ದು

ನನ್ನದು 1967ರ ಫೋಕ್ಸ್‌ವ್ಯಾಗನ್ ಬೀಟಲ್. ಅದರಲ್ಲಿ ಮೂರು ವರ್ಷ 1 ಕೆಜಿ ಎಬಿಸಿ (ಹಲವು ಬಗೆಯ ಬೆಂಕಿಗೆ ಆಗುವ) ಡ್ರೈ ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಟುಕೊಂಡು ಓಡಾಡಿದೆ. ಕಳೆದ ವರ್ಷ ಒಂದು ದಿನ ಅದನ್ನು ಬಳಸಲೇಬೇಕಾಯಿತು. ಕಾರು ಉಳಿಯಿತು. ಆ ಪುಟ್ಟ ಸಿಲಿಂಡರ್ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಆದರೂ ಮತ್ತೆ ಕೊಳ್ಳುವಾಗ ಅದನ್ನೇ ಕೊಳ್ಳಲಿಲ್ಲ.

ಅವತ್ತು ಸಿಗ್ನಲ್‌ನಲ್ಲಿ ನಿಂತಿದ್ದೆ. ಪೆಟ್ರೋಲ್ ವಾಸನೆ ಬಂತು. ಹಳೆ ಕಾರು ಇಟ್ಟುಕೊಂಡವರಿಗೆ ಆ ವಾಸನೆ ಹೊಸದಲ್ಲ, ಅಲ್ವಾ? ಆದರೆ ಇದು ಜಾಸ್ತಿ ಇತ್ತು. ಕಾರನ್ನು ಬದಿಗೆ ತಂದು ಇಂಜಿನ್ ಆಫ್ ಮಾಡಿದೆ. ಕನ್ನಡಿ ನೋಡಿದರೆ ಹಿಂದೆ, ಇಂಜಿನ್ ಇರುವ ಕಡೆ, ಹೊಗೆ. ಸೀಟಿನ ಕೆಳಗೆ ಕೈ ಹಾಕಿ ಸಿಲಿಂಡರ್ ಕಿತ್ತುಕೊಂಡು ಇಳಿದೆ.

ಇಂಜಿನ್ ಮುಚ್ಚಳವನ್ನು ಪೂರ್ತಿ ಎತ್ತಬಾರದು ಅಂತ ಮೊದಲೇ ತಿಳಿದಿತ್ತು. ಎತ್ತಿದರೆ ಗಾಳಿ ಒಳಗೆ ನುಗ್ಗಿ ಬೆಂಕಿ ಮುಖಕ್ಕೇ ಬರುತ್ತದೆ. ನಾಲ್ಕು ಬೆರಳು ಹಿಡಿಯುವಷ್ಟು ಸಂದು ಮಾಡಿ, ಪಿನ್ ಎಳೆದು, ಬೆಂಕಿಯ ಬುಡಕ್ಕೆ ಪೌಡರ್ ಬಿಟ್ಟೆ. ಎರಡೇ ಸೆಕೆಂಡಿಗೆ ಆರಿತು. ಬಿಳಿ ಧೂಳು ಬಿಟ್ಟರೆ ಏನೂ ಕಾಣಲಿಲ್ಲ. ಒಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಭಗ್ ಅಂತ ಹೊತ್ತಿಕೊಂಡಿತು. ಕಾರ್ಬೊರೇಟರ್ ಕಡೆಯಿಂದ ಪೆಟ್ರೋಲ್ ಇನ್ನೂ ತೊಟ್ಟಿಕ್ಕುತ್ತಿತ್ತು, ಕೆಳಗಿನ ಕಬ್ಬಿಣ ಇನ್ನೂ ಕಾದಿತ್ತು. ಉಳಿದ ಪೌಡರನ್ನು ಅಲ್ಲಿಗೇ ಬಿಟ್ಟೆ. ಆಗ ಪೂರ್ತಿ ನಿಂತಿತು. 1 ಕೆಜಿ ಸಿಲಿಂಡರ್ ಒಟ್ಟು ಬರೋದೇ ಸುಮಾರು 8 ಸೆಕೆಂಡ್. ಮೊದಲ ಸಲಕ್ಕೇ ಎಲ್ಲ ಖಾಲಿ ಮಾಡಿದ್ದರೆ ಎರಡನೇ ಸಲಕ್ಕೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಕಾರಣ ಆಮೇಲೆ ಗೊತ್ತಾಯಿತು. ಸೋಲೆಕ್ಸ್ ಕಾರ್ಬೊರೇಟರ್‌ನ ತಲೆಯಲ್ಲಿ ಪೆಟ್ರೋಲ್ ಒಳಗೆ ಹೋಗಲು ಒಂದು ಪುಟ್ಟ ಹಿತ್ತಾಳೆ ನಳಿಕೆ ಇದೆ. ಅದಕ್ಕೆ ಥ್ರೆಡ್ ಇಲ್ಲ, ಸುಮ್ನೆ ಒತ್ತಿ ಕೂರಿಸಿರುತ್ತಾರೆ. ವರ್ಷಗಟ್ಟಲೆ ಕಾದು, ತಣಿದು, ಅಲುಗಾಡಿ ಅದು ಸಡಿಲವಾಗುತ್ತದೆ. ಕಳಚಿಕೊಂಡರೆ ಪೆಟ್ರೋಲ್ ಹೋಗಿ ಬೀಳೋದು ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಕಡೆಗೆ. ಬೀಟಲ್ ಇರುವವರು ದಯವಿಟ್ಟು ಇವತ್ತೇ ಆ ನಳಿಕೆಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ತಿರುಗಿದರೆ ಕಾರು ಹೊರಗೆ ತೆಗೆಯಬೇಡಿ. ಈ ಇಂಜಿನ್ನಿನ ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಮುಖ್ಯ ಗೂಡು) ಮೆಗ್ನೀಸಿಯಂ ಮಿಶ್ರಲೋಹದ್ದು. ಅದಕ್ಕೇ ಬೆಂಕಿ ಹತ್ತಿದರೆ ಇಂಥ ಸಿಲಿಂಡರ್ ಸಾಕಾಗೋದಿಲ್ಲ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಮೊದಲ ನಿಮಿಷದಲ್ಲೇ ಆರಿಸಬೇಕು, ಇಲ್ಲ ಅಂದರೆ ಕಾರು ಬಿಟ್ಟು ದೂರ ಹೋಗಬೇಕು.

ಸರಿ, ಪೌಡರ್ ವಿಷಯ. ಬೆಂಕಿ ಆರಿಸುವುದರಲ್ಲಿ ಅದಕ್ಕೆ ಪೂರ್ತಿ ಅಂಕ. ಹೊರಗಡೆ ಗಾಳಿಯಲ್ಲೂ ಕೆಲಸ ಮಾಡಿತು. ಕಷ್ಟ ಶುರುವಾದದ್ದು ಆಮೇಲೆ. ಎಬಿಸಿ ಪೌಡರ್ ಅಂದರೆ ಹೆಚ್ಚಾಗಿ ಮೋನೋಅಮೋನಿಯಂ ಫಾಸ್ಫೇಟ್. ಹಿಟ್ಟಿನ ಹಾಗೆ ನುಣ್ಣಗಿರುತ್ತದೆ. ತೇವ ಹೀರಿಕೊಂಡರೆ ಹುಳಿಯಾಗಿ ಲೋಹವನ್ನು ತಿನ್ನುತ್ತದೆ. ನಾನು ಗೊತ್ತಿಲ್ಲದೆ ಮೂರು ದಿನ ಹಾಗೇ ಬಿಟ್ಟೆ. ಕಾರ್ಬೊರೇಟರ್ ಮೈಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದವು. ವೈರ್ ಕನೆಕ್ಟರ್‌ಗಳ ಮೇಲೆ ಹಸಿರು ಪಾಚಿಯಂಥದ್ದು ಕೂತಿತು. ಕೂಲಿಂಗ್ ಫ್ಯಾನ್ ಗೂಡಿನೊಳಗೆ ಹೋದ ಧೂಳು ತೆಗೆಯೋಕೆ ಇಂಜಿನ್ನನ್ನೇ ಇಳಿಸಬೇಕಾಯಿತು. ಮೊದಲು ಒಣ ಬ್ರಷ್ ಮತ್ತು ವ್ಯಾಕ್ಯೂಮ್, ಆಮೇಲೆ ಅಡುಗೆ ಸೋಡಾ ಕಲಸಿದ ನೀರು, ಕೊನೆಗೆ ಬರೀ ನೀರು, ಪೂರ್ತಿ ಒಣಗಿಸುವುದು. ಅದೇ ದಿನ ಮಾಡಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ಸ್ವಚ್ಛ ಮಾಡುವ ಮೊದಲು ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಪೌಡರ್ ಕಾರ್ಬೊರೇಟರ್ ಗಂಟಲಿಗೆ ಹೋಗುತ್ತದೆ.

ಇನ್ನೊಂದು ವಿಷಯ. ಸ್ವಲ್ಪವೇ ಬಳಸಿದ್ದೇವೆ, ಒತ್ತಡ ತೋರಿಸುವ ಮುಳ್ಳು ಇನ್ನೂ ಹಸಿರಿನಲ್ಲೇ ಇದೆ ಅಂತ ಸಿಲಿಂಡರನ್ನು ವಾಪಸ್ ಇಡಬಾರದು. ವಾಲ್ವ್ ಬಾಯಲ್ಲಿ ಪೌಡರ್ ಕೂತಿರುತ್ತದೆ, ನಿಧಾನವಾಗಿ ಒತ್ತಡ ಸೋರಿಹೋಗುತ್ತದೆ. ರೀಫಿಲ್ ಮಾಡಿಸಬೇಕು, ಇಲ್ಲವೇ ಹೊಸದು ತರಬೇಕು.

ಬ್ರಾಕೆಟ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನನಗೆ ಅದರ ಬಗ್ಗೆಯೇ ಹೇಳಬೇಕು ಅನಿಸುತ್ತದೆ. ಮೊದಲು ಸಿಲಿಂಡರ್ ಜೊತೆ ಬಂದದ್ದು ಪ್ಲಾಸ್ಟಿಕ್ಕಿನದು. ಆರು ತಿಂಗಳಿಗೆ ಅದರ ಕಿವಿ ಮುರಿಯಿತು. ಒಂದು ತಿರುವಿನಲ್ಲಿ ಸಿಲಿಂಡರ್ ಉರುಳಿಕೊಂಡು ಬಂದು ಬ್ರೇಕ್ ಪೆಡಲ್ ಹತ್ತಿರ ನಿಂತಿತು. ಬೆಂಕಿಗಿಂತ ಅದೇ ನನ್ನನ್ನು ಜಾಸ್ತಿ ಹೆದರಿಸಿತು. ಆಮೇಲೆ ಕಬ್ಬಿಣದ ಬ್ರಾಕೆಟ್ ಹಾಕಿಸಿದೆ, ಎರಡು ಪಟ್ಟಿ, ಒಂದೇ ಕೈಯಲ್ಲಿ ಬಿಚ್ಚಬಹುದಾದ ಲೋಹದ ಕೊಕ್ಕೆ. ಜಾಗ ಡ್ರೈವರ್ ಸೀಟಿನ ಮುಂದಿನ ಅಂಚಿನ ಕೆಳಗೆ. ಬೀಟಲ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಮುಂದಿನ ಡಿಕ್ಕಿಯಲ್ಲಿದೆ, ಇಂಜಿನ್ ಹಿಂದಿದೆ. ಬೆಂಕಿ ಬರುವ ಆ ಡಿಕ್ಕಿಯಲ್ಲಾಗಲಿ ಇಂಜಿನ್ ಗೂಡಿನಲ್ಲಾಗಲಿ ಸಿಲಿಂಡರ್ ಇಟ್ಟು ಉಪಯೋಗವಿಲ್ಲ. ಕಾರಿನ ನೆಲದ ನಡುವೆ ಉದ್ದಕ್ಕೂ ಉಬ್ಬಿರುವ ಟನಲ್‌ಗೆ ರಂಧ್ರ ಕೊರೆಯಲು ನಾನು ಡ್ರಿಲ್ ಕೈಗೆ ತೆಗೆದುಕೊಂಡಿದ್ದೆ. ಅದರೊಳಗೇ ಪೆಟ್ರೋಲ್ ಪೈಪ್ ಹೋಗುತ್ತದೆ ಅಂತ ಹೊಳೆದು ಕೈ ತಡೆಯಿತು.

ಹೊಸದಾಗಿ ತಂದದ್ದು ಕ್ಲೀನ್ ಏಜೆಂಟ್ ಸಿಲಿಂಡರ್, ಅಂದರೆ ಪೌಡರ್ ಬದಲು ಗ್ಯಾಸ್ ಬಿಡುವಂಥದ್ದು. ಹಿಂದೆ ಈ ಕೆಲಸಕ್ಕೆ ಹ್ಯಾಲನ್ 1211 ಅನ್ನುವ ಗ್ಯಾಸ್ ಬಳಸುತ್ತಿದ್ದರು. ಅದು ಓಜೋನ್ ಪದರಕ್ಕೆ ಹಾನಿ ಮಾಡುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಅದರ ತಯಾರಿಕೆ ನಿಲ್ಲಿಸಿದರು. ಈಗ ಅದರ ಜಾಗದಲ್ಲಿ ಬೇರೆ ರಾಸಾಯನಿಕಗಳಿವೆ. ಹಿಂದೆ ಏನೂ ಉಳಿಯುವುದಿಲ್ಲ, ಆವಿಯಾಗಿ ಹೋಗುತ್ತದೆ. ಬೀಟಲ್‌ನ ಇಂಜಿನ್ ಗೂಡು ಚಿಕ್ಕದು, ಮುಚ್ಚಿಯೇ ಇರುತ್ತದೆ, ಹಾಗಾಗಿ ಅಲ್ಲಿಗೆ ಇದು ಹೊಂದುತ್ತದೆ. ಆದರೆ ಬೆಲೆ ಪೌಡರಿಗಿಂತ ಎಷ್ಟೋ ಪಟ್ಟು. ಜೋರು ಗಾಳಿ ಇದ್ದರೆ ಪೌಡರಿನಷ್ಟು ನಂಬಿಕೆ ಇಲ್ಲ. ಕಾರಿನೊಳಗೆ ಬಿಟ್ಟರೆ ಕೂಡಲೇ ಇಳಿದುಬಿಡಬೇಕು, ಉಸಿರಿಗೆ ಒಳ್ಳೆಯದಲ್ಲ. ಹಾಗಾಗಿ 2 ಕೆಜಿ ಪೌಡರ್ ಸಿಲಿಂಡರ್ ಒಂದನ್ನು ಹಿಂದಿನ ಸೀಟಿನ ಹಿಂಬದಿಯ ಸಾಮಾನು ಜಾಗದಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದೇನೆ. ಮೊದಲು ಗ್ಯಾಸ್, ಆರದಿದ್ದರೆ ಪೌಡರ್. ತುಕ್ಕು ಹಿಡಿದರೆ ಹಿಡಿಯಲಿ, ಕಾರು ಇರುತ್ತದೆ.

ಹಳೆ ಕಾರಿನ ಅಂದಕ್ಕೆ ಅಂತ ಕೆಲವರು ಬೆಂಕಿ ಆರಿಸುವ ಹಿತ್ತಾಳೆಯ ಹಳೆ ಪೈರೀನ್ ಪಂಪ್ ಇಟ್ಟುಕೊಳ್ಳುತ್ತಾರೆ. ನೋಡೋಕೆ ನಿಜವಾಗಿಯೂ ಚೆನ್ನ. ಆದರೆ ಅದರೊಳಗೆ ಇರುತ್ತಿದ್ದದ್ದು ಕಾರ್ಬನ್ ಟೆಟ್ರಾಕ್ಲೋರೈಡ್. ಅದೇ ಒಂದು ವಿಷ, ಬೆಂಕಿಗೆ ಬಿದ್ದರೆ ಫಾಸ್ಜೀನ್ ಅನ್ನುವ ಇನ್ನೂ ಕೆಟ್ಟ ವಿಷದ ಗಾಳಿ ಬರುತ್ತದೆ. ಒಳಗೆ ದ್ರವ ಇದೆಯೋ ಅಂತ ಅಲ್ಲಾಡಿಸಿ ನೋಡಿ. ಇದ್ದರೆ ಅದನ್ನು ಒತ್ತಬೇಡಿ, ಕಾರಿನಲ್ಲೂ ಇಡಬೇಡಿ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಬ್ಯಾಟರಿ ಕೂಡ ಮರೆಯಬೇಡಿ. ಬೀಟಲ್‌ನಲ್ಲಿ ಅದು ಹಿಂದಿನ ಸೀಟಿನ ಕೆಳಗಿದೆ. ಭಾರದವರು ಕೂತರೆ ಸೀಟಿನ ಸ್ಪ್ರಿಂಗ್ ಟರ್ಮಿನಲ್‌ಗೆ ತಾಗುತ್ತದೆ, ಮೇಲಿನ ನಾರು ಹೊತ್ತಿಕೊಳ್ಳುತ್ತದೆ. ಬ್ಯಾಟರಿಗೆ ಮುಚ್ಚಳ ಇಲ್ಲದಿದ್ದರೆ ಹಾಕಿಸಿ.

ಈಗ ತಿಂಗಳ ಮೊದಲ ಭಾನುವಾರ ಎರಡೂ ಸಿಲಿಂಡರ್ ಹೊರಗೆ ತೆಗೆಯುತ್ತೇನೆ. ಮುಳ್ಳು ಹಸಿರಿನಲ್ಲಿದೆಯಾ ನೋಡುತ್ತೇನೆ. ಪೌಡರಿನದನ್ನು ತಲೆಕೆಳಗೆ ಮಾಡಿ, ತಳಕ್ಕೆ ಅಂಗೈಯಿಂದ ತಟ್ಟಿ, ಕಿವಿ ಹತ್ತಿರ ಹಿಡಿಯುತ್ತೇನೆ. ಓಡಾಟದ ಕಂಪನಕ್ಕೆ ಪೌಡರ್ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಒಳಗೆ ಸರ್ ಅಂತ ಜಾರುವ ಸದ್ದು ಕೇಳಿದ ಮೇಲೆ ಮತ್ತೆ ಕಟ್ಟಿಡುತ್ತೇನೆ. ಆಮೇಲೆ ಮಗಳು ಡ್ರೈವರ್ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಮುಂದಿನ ಕೊಕ್ಕೆ ಬಿಚ್ಚುತ್ತಾಳೆ. ಮೂರು ಎಣಿಸುವಷ್ಟರಲ್ಲಿ ಸಿಲಿಂಡರ್ ಅವಳ ಕೈಯಲ್ಲಿರುತ್ತದೆ.